ಬೀಜದ ಕಂಪನಿಗೆ ಬಂದ ಮೂವರು ಹೊಸಬರು

ಈಗಷ್ಟೇ ಓದು ಮುಗಿಸಿದ ಹುಡುಗ ಹುಡುಗಿಯರನ್ನು ಕೆಲಸಕ್ಕೆ ತೆಗೆದುಕೊಂಡು ತಯಾರು ಮಾಡುವವರು ನಗುವುದಕ್ಕಾಗಿ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ನಗು ತಾನೇ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಬಯೋಡಾಟಾ ಹಿಡಿದುಕೊಂಡು ಬಾಗಿಲಿಗೆ ಬರುತ್ತದೆ.

ನನ್ನ ಕೆಲಸ ರಾಣೆಬೆನ್ನೂರಿನ ಒಂದು ತರಕಾರಿ ಬೀಜದ ಕಂಪನಿಯಲ್ಲಿ. ಇಪ್ಪತ್ತು ವರ್ಷ ನಾನು ಮೊಳಕೆ ಕೋಣೆಯಲ್ಲೇ ಇದ್ದೆ. ಒದ್ದೆ ಕಾಗದದ ಮೇಲೆ ನೂರು ಬೀಜ ಸಾಲಾಗಿ ಇಡುವುದು, ಹದಿನಾಲ್ಕನೇ ದಿನ ಎಷ್ಟು ಮೊಳೆತವು ಎಂದು ಎಣಿಸುವುದು. ಹಾಯಾಗಿತ್ತು. ಬೀಜ ಎದುರು ಮಾತಾಡುವುದಿಲ್ಲ, ರಜೆ ಕೇಳುವುದಿಲ್ಲ, ಅಪ್ಪನನ್ನು ಕರೆದುಕೊಂಡು ಬರುವುದಿಲ್ಲ. ಒಂದು ದಿನ ಮಾಲಕರು ಕರೆದು, "ಅಕ್ಕಾರ, ಇಷ್ಟು ವರ್ಷ ಬೀಜದ ಗುಣಾ ನೋಡೀರಿ. ಇನ್ನ ಮ್ಯಾಲ ಹುಡುಗ್ರ ಗುಣಾ ನೋಡ್ರಿ" ಅಂದರು. ಅಲ್ಲಿಗೆ ಹೊಸಬರ ಭರ್ತಿ ಮತ್ತು ತರಬೇತಿ ನನ್ನ ತಲೆಗೆ ಬಂತು.

ಮೊದಲೆರಡು ವರ್ಷ ತೆಗೆದುಕೊಂಡವರು ಮೂರು ತಿಂಗಳು ಕಲಿತು, ನಾಲ್ಕನೇ ತಿಂಗಳು ಫೋನ್ ಎತ್ತುವುದನ್ನು ಬಿಟ್ಟರು. ಮಾಲಕರಿಗೆ ಸಿಟ್ಟು ಬಂತು. "ಈ ಸಲಾನೂ ಓಡಿ ಹೋದ್ರ ನಿಮ್ಮ ತರಬೇತಿ ಬಂದ್. ನೀವು ಮತ್ತ ಮೊಳಕಿ ಖೋಲಿಗೆ ನಡೀರಿ" ಅಂದುಬಿಟ್ಟರು. ಅಷ್ಟು ಹೊತ್ತಿಗೆ ನನಗೆ ಈ ಕೆಲಸದ ರುಚಿ ಹತ್ತಿತ್ತು. ಹೀಗಾಗಿ ಮೂರನೇ ವರ್ಷ ಬಂದ ಮೂವರ ಮೇಲೆ ನನ್ನ ಜೀವವೇ ಇತ್ತು ಎನ್ನಿ. ಹೇಳಹೊರಟಿದ್ದು ಆ ಮೂವರ ಕತೆ.

ಮೂರು ಬಾಟಲಿ

ಸಂದರ್ಶನಕ್ಕೆ ನಾವು ಮೂರು ಜನ ಕೂತಿದ್ದೆವು. ಮಾಲಕರು, ನಾನು, ಹೊಲಗಳ ಉಸ್ತುವಾರಿ ನೋಡುವ ನಮ್ಮ ಹಿರಿಯ ಸೂಪರ್‌ವೈಸರ್. ಸೂಪರ್‌ವೈಸರಿಗೆ ಹೆಗಲ ಮೇಲೆ ಯಾವಾಗಲೂ ಒಂದು ಟವೆಲ್ಲು. ಕಂಪನಿಯ ಸಣ್ಣವರು ದೊಡ್ಡವರು ಎಲ್ಲರೂ ಅವರನ್ನು ಕರೆಯುವುದು ಕಾಕಾ ಅಂತಲೇ.

ಮಾಲಕರು ಹಿಂದಿನ ದಿನ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, ದೊಡ್ಡ ಕಂಪನಿಗಳಲ್ಲಿ ಕೇಳುವ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಮೊದಲು ಬಂದವನು ದೇವರಗುಡ್ಡದ ಹುಡುಗ. ಬಿ.ಎಸ್ಸಿ. ಮುಗಿಸಿದವನು, ಅಗಲ ಭುಜ, ಕುರ್ಚಿಯ ತುದಿಯಲ್ಲಿ ಕೂತಿದ್ದ.

"ನಿಮ್ಮ ಸ್ಟ್ರೆಂತ್ ಏನು?" ಮಾಲಕರು ಚೀಟಿ ನೋಡಿ ಕೇಳಿದರು.

"ಐವತ್ತು ಕೇಜಿ ಚೀಲಾ ಒಬ್ಬನ ಎತ್ತತೇನ್ರಿ."

ಮಾಲಕರು ಕೆಮ್ಮಿದರು. "ವೀಕ್‌ನೆಸ್?"

ಹುಡುಗ ತುಸು ನಾಚಿಕೊಂಡ. "ಈಗ ಇಲ್ರಿ ಸರ್. ಹ್ವಾದ ವರ್ಷ ಟೈಫಾಯ್ಡ್ ಬಂದಾಗ ಭಾಳ ವೀಕ್‌ನೆಸ್ ಇತ್ರಿ. ಗ್ಲೂಕೋಸ್ ಹಾಕಿಸ್ಕೊಂಡ ಮ್ಯಾಲ ಹೋತ್ರಿ."

"ಎಷ್ಟು ಬಾಟ್ಲಿ?" ಅಂತ ಕಾಕಾ ಕೇಳಿದರು. ಅವರಿಗೆ ಅದು ಚೀಟಿಯ ಪ್ರಶ್ನೆಗಳಿಗಿಂತ ಮುಖ್ಯವಾಗಿ ಕಂಡಿತ್ತು.

"ಮೂರ್ರಿ ಕಾಕಾ."

ನಾನು ಫೈಲಿನಲ್ಲಿ ಮುಖ ಮುಚ್ಚಿಕೊಂಡೆ. ಮಾಲಕರು ಬಿಡಲಿಲ್ಲ. ಚೀಟಿಯ ಕೊನೆಯ, ಅತಿ ದೊಡ್ಡ ಪ್ರಶ್ನೆ ಎತ್ತಿದರು. "ಇನ್ನ ಐದು ವರ್ಷಕ್ಕ ನಿಮ್ಮನ್ನ ನೀವು ಎಲ್ಲಿ ನೋಡ್ತೀರಿ?"

ಹುಡುಗನಿಗೆ ಅದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. "ಇಲ್ಲೇ ದೇವರಗುಡ್ಡದಾಗ್ರಿ. ಮನಿ ಸ್ವಂತದ್ದೈತಿ."

ಕಾಕಾ ನನ್ನ ಕಡೆ ಬಾಗಿ ಪಿಸುಗುಟ್ಟಿದರು. "ಅಕ್ಕಾರ, ಕಣ್ಣು ಮುಚ್ಚಿ ಇವನ್ನ ತಗೊಳ್ರಿ. ಓಡಿ ಹೋಗೋ ಪೈಕಿ ಅಲ್ಲ, ಹೋದ್ರೂ ವಿಳಾಸ ಸಿಕ್ಕತು!"

ಒಂದೇ ನಂಬರು

ಹಾವೇರಿಯ ಕಾಲೇಜೊಂದಕ್ಕೆ ಹೋಗಿ ನಲವತ್ತು ಬಯೋಡಾಟಾ ತಂದಿದ್ದೆ. ಮನೆಯಲ್ಲಿ ಕೂತು ಓದಿದರೆ ನಲವತ್ತೂ ಒಂದೇ. ಎಲ್ಲರ ಹವ್ಯಾಸ ಕ್ರಿಕೆಟ್ ಆಡುವುದು, ಹಾಡು ಕೇಳುವುದು. ಎಲ್ಲರೂ 'ಕಠಿಣ ಪರಿಶ್ರಮಿ, ಎಲ್ಲರೊಂದಿಗೆ ಬೆರೆಯುವವನು.' ಹುಡುಗಿಯರೂ 'ಬೆರೆಯುವವನು.' ವಿಚಾರಿಸಿದಾಗ ತಿಳಿಯಿತು, ಬಸ್ ಸ್ಟ್ಯಾಂಡ್ ಎದುರಿನ ಒಂದೇ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲವೂ ಟೈಪಾಗಿದ್ದವು.

ಅಂಕ ನೋಡಿ ಐದು ಜನರನ್ನು ಆರಿಸಿ ಫೋನ್ ಹಚ್ಚಿದೆ. ಮೊದಲನೆಯದಕ್ಕೆ ಒಬ್ಬ ಗಂಡಸು ಎತ್ತಿದ. "ಅವಾ ಈಗ ಇಲ್ರಿ. ಬಂದ್ರ ಹೇಳ್ತೇನಿ." ಎರಡನೆಯದಕ್ಕೆ ಹಚ್ಚಿದರೆ ಅದೇ ದನಿ. "ಆಕಿನೂ ಇಲ್ರಿ. ಸಂಜೀಕ ಬರಬಹುದು." ಮೂರನೆಯದಕ್ಕೆ ಹಚ್ಚಿದಾಗ ಅವನೇ ನಕ್ಕ. "ಮತ್ತ ನೀವ ಏನ್ರಿ ಮೇಡಂ?"

"ಯಾರಪ್ಪಾ ನೀನು? ಎಲ್ಲಾರ ಫೋನೂ ನೀನ ಎತ್ತಾಕತ್ತೀಯಲ್ಲ!"

"ನಾ ಜೆರಾಕ್ಸ್ ಅಂಗಡ್ಯಾವ್ರಿ. ಈ ಹುಡುಗ್ರು ಸಿಮ್ ಬದಲಿ ಮಾಡ್ಕೋತನ ಇರ್ತಾರ್ರಿ. ನಂದು ಹದಿನೈದು ವರ್ಷದಿಂದ ಒಂದ ನಂಬರ್. ಅದಕ್ಕ ಯಾರದು ಖಾತ್ರಿ ಇಲ್ಲ ಅವರದಕ್ಕ ನಂದ ಹಾಕಿಬಿಡ್ತೇನಿ."

ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಕೊನೆಗೆ ಕೇಳಿಯೇಬಿಟ್ಟೆ. "ಹಂಗಾದ್ರ ನೀನ ಹೇಳು, ಇವರಾಗ ಯಾರು ಚಲೋ?"

ಅವನು ಒಬ್ಬೊಬ್ಬರದೇ ಹೇಳುತ್ತಾ ಹೋದ. ಒಬ್ಬ ಬೇಡವಂತೆ, ಫೋಟೋ ತೆಗೆಯುವ ಮುಂಚೆ ಮೂರು ಸಲ ತಲೆ ಬಾಚಿಕೊಂಡನಂತೆ. ಇನ್ನೊಬ್ಬ ಬಂದು ನಿಂತ ತಕ್ಷಣ 'ಲಗೂ ಮಾಡು' ಅಂದನಂತೆ. "ಕರ್ಜಗಿ ಹುಡುಗಿ ಒಬ್ಬಾಕಿ ಅದಾಳ ನೋಡ್ರಿ. ಎಲ್ಲಾರೂ ನಾ ಕೊಟ್ಟ ಕಾಗದ ಮಡಚಿ ಕಿಸೆದಾಗ ಇಟ್ಕೊಂಡು ಹೋಗ್ತಾರ. ಆಕಿ ನಿಂತು ಓದಿ ಏಳು ತಪ್ಪು ತಗದ್ಲು. ಹೋಗೂಮುಂದ ನನ್ನ ಅಂಗಡಿ ಬೋರ್ಡಿನ ತಪ್ಪೂ ಹೇಳಿ ಹೋದ್ಲು."

ಇಂಥ ಶಿಫಾರಸು ಯಾವ ಪ್ರಾಧ್ಯಾಪಕರೂ ಕೊಟ್ಟಿರಲಿಲ್ಲ. ಕರೆಸಿದೆವು. ಸಂದರ್ಶನದಲ್ಲಿ ಆಕೆ ಹತ್ತು ಮಾತೂ ಆಡಲಿಲ್ಲ. ಕೇಳಿದ್ದಕ್ಕೆ ನೆಲ ನೋಡಿಕೊಂಡು ಹೌದ್ರಿ, ಇಲ್ರಿ. ಆದರೆ ಒಂದು ತಟ್ಟೆ ಬೀಜ ಕೊಟ್ಟು ಕೆಟ್ಟವನ್ನು ಆರಿಸು ಅಂದಾಗ, ಕಾಕಾನ ಕಣ್ಣಿಗೂ ಬೀಳದ ಎರಡು ಬೀಜ ಬದಿಗಿಟ್ಟಳು. ಮಾಲಕರು ಗೊಣಗುತ್ತಲೇ ಒಪ್ಪಿದರು. "ಬಾಯಿ ಇಲ್ಲದಾಕಿ ಮುಂದ ಏನ್ ಮಾಡ್ತಾಳ ನೋಡೂಣು."

ಆಕೆ ಸೇರಿದ ಮೇಲೆ ಒಮ್ಮೆ ಹಾವೇರಿಗೆ ಹೋದಾಗ ಅಂಗಡಿಯವನಿಗೆ ಉಪಕಾರ ಹೇಳಿಬರೋಣ ಅಂತ ಹೋದೆ. ಬೋರ್ಡಿನ ಮೇಲೆ ಇನ್ನೂ 'ಝೆರಕ್ಸಾ' ಅಂತಲೇ ಇತ್ತು.

"ಯಾಕಪ್ಪಾ, ತಪ್ಪು ತೋರಿಸಿದ ಮ್ಯಾಲೂ ತಿದ್ದಿಲ್ಲಲ್ಲ?"

"ಬ್ಯಾಡ್ರಿ ಮೇಡಂ. ಹದಿನೈದು ವರ್ಷದಿಂದ ಮಂದಿ ಇದನ್ನ ಗುರ್ತು ಹಿಡಕೊಂಡು ಬರ್ತಾರ. ಈಗ ಸರಿಯಾಗಿ ಬರಸಿದ್ರ ಅಂಗಡಿ ಬ್ಯಾರೆದವರದು ಅಂತ ತಿಳ್ಕೊಂತಾರ!"

ಬದಲಿ ಆಳು

ಮೂರನೆಯವನು ಹೊಸರಿತ್ತಿಯ ಹುಡುಗ. ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು. ಕಂಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಚಟ. ಅವನನ್ನು ಮೊದಲ ತಿಂಗಳು ಮೊಳಕೆ ಎಣಿಸುವುದಕ್ಕೆ ಹಾಕಿದ್ದೆ.

ಒಂದು ಬೆಳಗ್ಗೆ ಕೋಣೆಗೆ ಹೋದರೆ, ಅವನ ಏಪ್ರನ್ ತೊಟ್ಟು, ಅವನ ಐಡಿ ಕಾರ್ಡು ಕೊರಳಲ್ಲಿ ಹಾಕಿಕೊಂಡು, ಅವನ ಸ್ಟೂಲಿನ ಮೇಲೆ ಯಾರೋ ಕೂತು ಮೊಳಕೆ ಎಣಿಸುತ್ತಿದ್ದಾರೆ. ಮುಖ ಅವನದೇ, ಆದರೆ ತುಸು ಸಣ್ಣದು. ನನ್ನ ಕಣ್ಣೇ ಕೈಕೊಟ್ಟಿತೋ ಅಂತ ಕನ್ನಡಕ ಒರೆಸಿಕೊಂಡು ನೋಡಿದೆ.

"ಯಾರಪ್ಪಾ ನೀನು?"

"ತಮ್ಮ ರೀ."

"ಯಾರ ತಮ್ಮ?"

ಅವನು ಕೊರಳಲ್ಲಿದ್ದ ಕಾರ್ಡಿನ ಫೋಟೋ ತೋರಿಸಿದ. "ಇವರ ತಮ್ಮ ರೀ. ಅಣ್ಣಗ ಜ್ವರ ಬಂದಾವ. ಅಪ್ಪ ನನ್ನ ಕಳಿಸ್ಯಾನ."

ಹುಡುಗ ಡಿಗ್ರಿ ಮೊದಲ ವರ್ಷ. ಕಾಲೇಜು ಬಿಟ್ಟು ಅಣ್ಣನ ಮರ್ಯಾದೆ ಕಾಯಲು ಎರಡು ಬಸ್ಸು ಹಿಡಿದು ಬಂದಿದ್ದ. ನಾನು ಅವರಪ್ಪನಿಗೆ ಫೋನ್ ಮಾಡಿದೆ. ಅವರು ಹೊಲದಲ್ಲಿದ್ದರು.

"ಯಜಮಾನ್ರ, ಹಿಂಗ ಒಬ್ಬರ ಬದಲಿ ಇನ್ನೊಬ್ಬರನ್ನ ಕಳಸೂ ಹಂಗಿಲ್ರಿ. ಇದು ಕಂಪನಿ."

"ಯಾಕ್ರಿ ಅಕ್ಕಾರ? ನಮ್ಮ ಹೊಲಕ್ಕ ಬರೋ ಮಂದಿ ಹಂಗ ಮಾಡ್ತಾರಲ್ಲ. ಅತ್ತೀಗೆ ಆರಾಮಿಲ್ಲಂದ್ರ ಸೊಸಿ ಬರ್ತಾಳ. ಮನಿಗೊಂದು ಆಳು ಬಂತೋ ಇಲ್ಲೋ, ಅಷ್ಟ ಲೆಕ್ಕ. ಕೆಲಸ ನಿಲ್ಲಬಾರದಲ್ರಿ?"

ಹಿಂದಿನ ಎರಡು ವರ್ಷ ಬಂದವರು ಹೇಳದೆ ಕೇಳದೆ ಮಾಯವಾಗಿದ್ದರು. ಇಲ್ಲೊಂದು ಮನೆ ಜ್ವರ ಬಂದರೂ ಕೆಲಸ ನಿಲ್ಲಬಾರದು ಅನ್ನುತ್ತಿದೆ! ದನಿ ತಗ್ಗಿಸಿ ನಿಧಾನಕ್ಕೆ ತಿಳಿಸಿ ಹೇಳಿದೆ. ಅವರು ಒಪ್ಪಿದರು. ಆದರೆ ಫೋನ್ ಇಡಲಿಲ್ಲ.

"ಅದಿರಲಿ ಅಕ್ಕಾರ, ಖರೇ ಹೇಳ್ರಿ. ಇಬ್ಬರಾಗ ಯಾರು ಚಲೋ ಎಣಿಸ್ತಾರ?"

ತಮ್ಮ ಎದುರಿಗೇ ನಿಂತು ನನ್ನ ಬಾಯಿ ನೋಡುತ್ತಿದ್ದ. ಪಾಪ ಅನಿಸಿ, "ಇಬ್ಬರೂ ಚಲೋ ಅದಾರ್ರಿ" ಅಂದೆ.

"ಹೌದಾ? ಹಂಗಾದ್ರ ಇಬ್ಬರನೂ ಇಟ್ಕೊಳ್ರಿ!"

ನೆರಳು

ಹೊಸಬರಿಗೆ ಒಬ್ಬೊಬ್ಬ ಹಿರಿಯರನ್ನು ಜೋಡಿ ಮಾಡಿಕೊಡುವುದು ನನ್ನದೇ ಯೋಜನೆ. ದೇವರಗುಡ್ಡದ ಹುಡುಗನನ್ನು ಕಾಕಾನ ಕೈಗೆ ಒಪ್ಪಿಸಿದೆ. ಹುಡುಗನಿಗೆ ಒತ್ತಿ ಹೇಳಿದೆ. "ನೋಡಪ್ಪಾ, ಒಂದು ತಿಂಗಳು ಕಾಕಾನ ನೆರಳಿನಂಗ ಇರಬೇಕು. ಅವರು ಎಲ್ಲಿ ಹೋಗ್ತಾರ ಅಲ್ಲಿ ಹೋಗಬೇಕು. ಏನ್ ಕಲ್ತಿ ಅಂತ ದಿನಾ ಡೈರ್ಯಾಗ ಬರೀಬೇಕು."

"ಹೂಂ ರೀ" ಅಂದ. ಈ ಹುಡುಗ 'ಹೂಂ' ಅಂದರೆ ಹೂಂ.

ಎರಡನೇ ವಾರ ಕಾಕಾ ಅರ್ಧ ದಿನ ರಜೆ ಹಾಕಿದರು. ಅವರ ಅಕ್ಕನ ಮಗನಿಗೆ ಬ್ಯಾಡಗಿಯಲ್ಲಿ ಹೆಣ್ಣು ನೋಡುವ ಕಾರ್ಯಕ್ರಮವಿತ್ತು. ಬೈಕ್ ಚಾಲೂ ಮಾಡುವಷ್ಟರಲ್ಲಿ ಹುಡುಗ ಹಿಂದೆ ಏರಿ ಕೂತ. ಮೇಡಂ ಕಳಿಸಿದ್ದಾರೆ, ಏನೋ ಕೆಲಸವಿರಬೇಕು ಅಂತ ಕಾಕಾ ಸುಮ್ಮನಿದ್ದರು. ಕಾಕಾ ಕರೆದುಕೊಂಡು ಹೊರಟಿದ್ದಾರೆ, ಏನೋ ಕಲಿಸುವುದಿರಬೇಕು ಅಂತ ಹುಡುಗ ಸುಮ್ಮನಿದ್ದ.

ಹೆಣ್ಣಿನ ಮನೆಯಲ್ಲಿ ಚಾಪೆ ಹಾಸಿ ಕೂರಿಸಿದರು. ನಿಜವಾದ ವರ ನಾಚಿಕೆಯ ಮನುಷ್ಯ, ಮೂಲೆಯಲ್ಲಿ ಕಂಬಕ್ಕೆ ಆತು ಕೂತ. ನಮ್ಮ ಹುಡುಗ ನಡುವೆ ಕೂತ. ಇಸ್ತ್ರಿ ಅಂಗಿ, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಡೈರಿ, ಪೆನ್ನು. ಅಷ್ಟರಲ್ಲಿ ಯಾವುದೋ ಹೊಲದಿಂದ ಫೋನ್ ಬಂದು ಕಾಕಾ ಎದ್ದು ಅಂಗಳಕ್ಕೆ ಹೋದರು.

ಹೆಣ್ಣಿನ ಅಪ್ಪ ಹುಡುಗನ ಕಡೆ ತಿರುಗಿದರು. "ಏನ್ ಕೆಲಸ ಮಾಡ್ತೀರಿ?"

"ರಾಣೆಬೆನ್ನೂರಾಗ ಬೀಜದ ಕಂಪನ್ಯಾಗ್ರಿ."

"ಪರ್ಮನೆಂಟ್ ಏನು?"

"ಇನ್ನೂ ಇಲ್ರಿ. ಒಂದು ವರ್ಷ ನೋಡ್ತಾರಂತ. ಚಲೋ ಇದ್ರ ಇಟ್ಕೊಂತಾರ, ಇಲ್ಲಂದ್ರ ಕಳಸ್ತಾರ."

ಹೆಣ್ಣಿನ ಅಪ್ಪ ಬೆರಗಾದರು. "ಇಷ್ಟು ಖರೇ ಮಾತಾಡೋ ವರಾನ್ನ ನಾ ನೋಡೇ ಇಲ್ಲ" ಅಂತ ಪಕ್ಕದಲ್ಲಿದ್ದ ಭಾವನಿಗೆ ಹೇಳಿದರು. ಅದು ನಮ್ಮ ಹುಡುಗನ ಕಿವಿಗೆ ಬೀಳಲಿಲ್ಲ. ಅಷ್ಟೊತ್ತಿಗೆ ಹುಡುಗಿ ತಾಟು ಹಿಡಿದು ಬಂದು, ಮೊದಲ ಉಪ್ಪಿಟ್ಟಿನ ಪ್ಲೇಟು ಅವನ ಮುಂದೆಯೇ ಇಟ್ಟಿದ್ದಳು. ಅವನು ಅದನ್ನು ಮುಗಿಸಿ ಇನ್ನೊಂದು ಸಲ ಹಾಕಿಸಿಕೊಂಡ. ಮನೆಯ ಹೆಂಗಸರೆಲ್ಲ ಬಾಗಿಲ ಸಂದಿಯಿಂದ ನೋಡಿ, 'ಹುಡುಗ ಸಂಕೋಚದಾವಲ್ಲ' ಅಂದುಕೊಂಡರು.

ಕಾಕಾ ಒಳಗೆ ಬಂದಾಗ ಹೆಣ್ಣಿನ ಅಪ್ಪ ಎದ್ದು ಅವರ ಕೈ ಹಿಡಿದರು. "ನಿಮ್ಮ ಹುಡುಗ ನಮಗ ಪಸಂದ್ರಿ!"

ಕಾಕಾ ನೋಡಿದರು. ಸೋದರಳಿಯ ಮೂಲೆಯಲ್ಲಿ, ಖಾಲಿ ಕೈ. ನಮ್ಮವನು ನಡುವೆ, ಬಾಯಿ ತುಂಬ ಉಪ್ಪಿಟ್ಟು. "ಅಯ್ಯ, ಅವಾ ವರ ಅಲ್ರಿ!"

"ಮತ್ತ್ಯಾರು?"

ಕಾಕಾಗೆ ಆ ಗಡಿಬಿಡಿಯಲ್ಲಿ ಬೇರೆ ಮಾತು ಬರಲಿಲ್ಲ. "ಅವಾ... ನನ್ನ ನೆರಳ್ರಿ."

ಹೇಗೋ ಎಲ್ಲ ತಿಳಿಯಾಗಿ, ನಕ್ಕು, ಅಳಿಯನಿಗೇ ಸಂಬಂಧ ಕೂಡಿತು. ನನಗೆ ಇದಾವುದೂ ಗೊತ್ತಿರಲಿಲ್ಲ. ಮರುದಿನ ಡೈರಿ ನೋಡಿದೆ. ಇವತ್ತು ಕಲಿತದ್ದು ಅನ್ನುವ ಕಡೆ ದುಂಡಗೆ ಬರೆದಿದ್ದ: "ಹೆಣ್ಣು ನೋಡಲು ಹೋದಾಗ, ಹುಡುಗ ನಾವಲ್ಲದಿದ್ದರೆ, ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳಬಾರದು."

ಅಂಗಿ, ಪ್ಯಾಂಟು

ಹಿರಿಯರಿಗೂ ತರಬೇತಿ ಬೇಕು ಅಂತ ಹುಬ್ಬಳ್ಳಿಯಿಂದ ಒಬ್ಬರನ್ನು ಕರೆಸಿದ್ದೆವು. ಅವರು ಹೇಳಿಕೊಟ್ಟಿದ್ದು ಇದು: ಎಳೆಯರ ತಪ್ಪನ್ನು ನೇರವಾಗಿ ಹೇಳಬೇಡಿ. ಮೊದಲು ಒಂದು ಒಳ್ಳೆಯ ಮಾತು, ನಡುವೆ ತಪ್ಪು, ಕೊನೆಗೆ ಇನ್ನೊಂದು ಒಳ್ಳೆಯ ಮಾತು. ಕಾಕಾ ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತ ಎಲ್ಲ ಕೇಳಿದರು. "ನಡುವ ಬೈಬೋದು ಹೌದಲ್ರಿ?" ಅಂತ ಒಮ್ಮೆ ಖಾತ್ರಿ ಮಾಡಿಕೊಂಡರು.

ಮಾರನೆಯ ದಿನವೇ ಪರೀಕ್ಷೆ ಬಂತು. ಬೀಜಕ್ಕೆಂದು ಬೆಳೆಯುವ ಟೊಮೆಟೊ ಹೊಲದಲ್ಲಿ ಪರಾಗಕ್ಕೆ ಬಳಸುವ ಗಂಡು ಗಿಡದ ಸಾಲು ಬೇರೆ, ಬೀಜ ಕಟ್ಟುವ ಹೆಣ್ಣು ಗಿಡದ ಸಾಲು ಬೇರೆ. ದೇವರಗುಡ್ಡದ ಹುಡುಗ ಸಾಲುಗಳ ಗುರುತಿನ ಚೀಟಿಗಳನ್ನು ಅದಲುಬದಲು ಕಟ್ಟಿದ್ದ. ಕಾಕಾನ ಮುಖ ಕೆಂಪಾಯಿತು, ಮೀಸೆ ನಡುಗಿತು. ಬಾಯಿ ತೆರೆದರು. ನಾನು ಹಿಂದೆ ನಿಂತಿದ್ದು ನೋಡಿ ಬಾಯಿ ಮುಚ್ಚಿದರು. ಉಸಿರು ಎಳೆದುಕೊಂಡು ನೆನಪು ಮಾಡಿಕೊಂಡರು.

"ತಮ್ಮಾ, ನಿನ್ನ ಅಂಗಿ ಭಾಳ ಚಲೋ ಐತಿ."

"ಥ್ಯಾಂಕ್ಸ್ ಕಾಕಾ."

"ತಲಿಯಾಗ ಏನೂ ಇಲ್ಲ."

ಹುಡುಗ ಕಣ್ಣು ಕಣ್ಣು ಬಿಟ್ಟ. ಕಾಕಾ ಅವನನ್ನು ಮೇಲಿಂದ ಕೆಳಗೆ ನೋಡಿ, ಲೆಕ್ಕ ಪೂರ್ತಿ ಮಾಡಿದರು. "ಪ್ಯಾಂಟೂ ಚಲೋ ಐತಿ."

ಮಾರನೆಯ ದಿನದಿಂದ ಹುಡುಗ ಹೊಲಕ್ಕೆ ಹರಕು ಅಂಗಿ, ಮಾಸಿದ ಪ್ಯಾಂಟು ಹಾಕಿಕೊಂಡು ಬರತೊಡಗಿದ. ಯಾಕೋ ಅಂತ ಕೇಳಿದರೆ, "ಹೊಗಳಾಕ ಏನೂ ಸಿಗಲಿಲ್ಲಂದ್ರ ಕಾಕಾಗ ಬೈಯಾಕ ಶುರು ಮಾಡಾಕ ಬರೂದಿಲ್ರಿ ಮೇಡಂ!"

ಹನ್ನೊಂದು ಮೂವತ್ತು

ನಮ್ಮ ತಳಿಯ ಮೆಣಸಿನಕಾಯಿ ಬೆಳೆದ ರೈತರು ಬ್ಯಾಡಗಿ ಮಾರುಕಟ್ಟೆಗೆ ಒಣ ಕಾಯಿ ತರುತ್ತಾರೆ. ಬಣ್ಣ ಹೇಗಿದೆ, ಎಷ್ಟು ಒಣಗಿದೆ ಅಂತ ಬರೆದು ತರಲು ಹೊಸರಿತ್ತಿ ಹುಡುಗನನ್ನು ಕಳಿಸಿದೆ. ಕಾಯಿಯಲ್ಲಿ ನೂರಕ್ಕೆ ಎಷ್ಟು ತೇವ ಉಳಿದಿದೆ ಅಂತ ತೋರಿಸುವ ಹೊಸ ಯಂತ್ರವನ್ನೂ ಕೊಟ್ಟಿದ್ದೆ. ಅಂಗೈಯಷ್ಟಿರುವ ಯಂತ್ರ, ಎರಡು ಗುಂಡಿ, ಸರಿಯಾದದ್ದನ್ನು ಒತ್ತಿದರೆ ತೇವದ ಅಂಕಿ ಬರುತ್ತದೆ. ಹತ್ತು ಹನ್ನೊಂದು ಬಂದರೆ ಕಾಯಿ ಹದವಾಗಿ ಒಣಗಿದೆ ಎಂದು ಅರ್ಥ.

ರಾಶಿಗಳ ಪಕ್ಕ ಒಬ್ಬ ಅಜ್ಜಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರಂತೆ. ಇವನು ಸೀನುತ್ತಾ, ಕಣ್ಣೊರೆಸಿಕೊಳ್ಳುತ್ತಾ ರಾಶಿಯಿಂದ ರಾಶಿಗೆ ಹೋಗಿ ಯಂತ್ರ ಚುಚ್ಚಿ ಬರೆದುಕೊಂಡಿದ್ದಾನೆ. ಮೊದಲ ರಾಶಿ, 11.30. ಎರಡನೆಯದು, 11.38. ಮೂರನೆಯದು, 11.46. ರಾಶಿಯಿಂದ ರಾಶಿಗೆ ತೇವ ಏರುತ್ತಲೇ ಹೋಯಿತು. ಹದಿಮೂರರ ಹತ್ತಿರ ಬಂದಾಗ ಅವನಿಗೆ ಗಾಬರಿ. ನನಗೆ ಫೋನ್ ಮಾಡಿದ.

"ಮೇಡಂ, ಕಾಯಿ ಹಸಿ ಆಗಾಕತ್ತಾವ್ರಿ!"

"ಬಿಸಲಾಗ ಹೆಂಗೋ ಹಸಿ ಆಗ್ತಾವ?"

"ಗೊತ್ತಿಲ್ರಿ. ಹನ್ನೆರಡು ಐವತ್ತೆಂಟಕ್ಕ ಬಂದೈತ್ರಿ."

ಮತ್ತೆ ನೋಡು ಅಂದೆ. ಹತ್ತು ನಿಮಿಷಕ್ಕೆ ಮತ್ತೆ ಫೋನು. "ಮೇಡಂ, ಒಮ್ಮಿಗೇ ಒಂದು ಪಾಯಿಂಟ್ ಸೊನ್ನೆ ಎಂಟಕ್ಕ ಇಳೀತ್ರಿ! ಪೂರಾ ಒಣಗಿಬಿಟ್ಟಾವು!"

ಫೋನಿನ ಆ ಕಡೆ ಅಜ್ಜಿಯ ದನಿ ಕೇಳಿಸಿತು. ಆಕೆ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲುಗಿಸಿ, "ಬೀಜ ಗಿಲಗಿಲ ಅನ್ನಾಕತ್ತಾವ. ಮುಂಜಾನಿಂದ ಹಿಂಗ ಅದಾವ, ಚಲೋ ಒಣಗ್ಯಾವ" ಅಂದರು. ಆಮೇಲೆ ಯಂತ್ರವನ್ನು ಕೈಗೆ ತೆಗೆದುಕೊಂಡು ನೋಡಿದರಂತೆ. ನಗು ತಡೆದುಕೊಂಡು ಆಕೆ ಹೇಳಿದ್ದು ನನಗೂ ಸ್ಪಷ್ಟವಾಗಿ ಕೇಳಿಸಿತು.

"ತಮ್ಮಾ, ಇದು ಗಡಿಯಾರ ತೋರಸಾಕತ್ತೈತಿ. ಒಂದ ಹೊಡದು ಎಂಟು ನಿಮಿಷ ಆಗೈತಿ, ಮೊದಲ ರೊಟ್ಟಿ ತಿನ್ನು ಬಾ!"

ಮಾಲಕರ ಎದುರು

ವರ್ಷ ತುಂಬುತ್ತ ಬಂತು. ಮೂವರೂ ಓಡಿ ಹೋಗಿರಲಿಲ್ಲ. ಆದರೆ ಇಟ್ಟುಕೊಳ್ಳುವುದೋ ಬಿಡುವುದೋ ಅನ್ನುವುದು ಮಾಲಕರ ಕೈಯಲ್ಲಿತ್ತು. ಒಬ್ಬೊಬ್ಬರೂ ಹತ್ತು ನಿಮಿಷ ಎದುರು ನಿಂತು ತಾವು ಮಾಡಿದ ಕೆಲಸ ಹೇಳಬೇಕು ಅಂತ ಅಪ್ಪಣೆಯಾಯಿತು.

ಗಂಡು ಹುಡುಗರಿಬ್ಬರ ಚಿಂತೆ ನನಗಿರಲಿಲ್ಲ. ಚಿಂತೆಯೆಲ್ಲ ಕರ್ಜಗಿ ಹುಡುಗಿಯದು. ಮೂವರಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಮಾಡಿದವಳು ಆಕೆ. ಮೊಳಕೆ ಕೋಣೆಯಲ್ಲಿ ಕಿಟಕಿ ಕಡೆಯ ಕಪಾಟಿನಲ್ಲಿಟ್ಟ ಬೀಜ ಯಾವಾಗಲೂ ಕಡಿಮೆ ಮೊಳೆಯುತ್ತವೆ ಅಂತ ನಾಲ್ಕು ತಿಂಗಳು ಬರೆದಿಟ್ಟು ಕಂಡುಹಿಡಿದಿದ್ದಳು. ಕಿಟಕಿಯ ಸಂದಿಯಿಂದ ಬರುವ ಗಾಳಿಗೆ ಕಾಗದ ಬೇಗ ಒಣಗುತ್ತಿತ್ತು. ಒಳ್ಳೆಯ ಬೀಜವನ್ನು ಕೆಟ್ಟದ್ದು ಅಂತ ನಾವು ಎಸೆಯುತ್ತಿದ್ದೆವು. ಇಪ್ಪತ್ತು ವರ್ಷ ಅದೇ ಕೋಣೆಯಲ್ಲಿದ್ದ ನನಗೆ ಅದು ಕಂಡಿರಲಿಲ್ಲ. ಆದರೆ ಇದನ್ನು ಬಾಯಿಬಿಟ್ಟು ಹೇಳಬೇಕಲ್ಲ? ನಾಲ್ಕು ಜನ ಎದುರಿದ್ದರೆ ಆಕೆಯ ನಾಲಿಗೆ ಅಂಗುಳಕ್ಕೆ ಅಂಟಿಬಿಡುತ್ತಿತ್ತು. ನನ್ನ ಎದುರು ಮೂರು ಸಲ ಹೇಳಿಸಿ ನೋಡಿದೆ. ಮೂರು ಸಲವೂ 'ನಮಸ್ಕಾರ'ದ ಆಚೆ ಹೋಗಲಿಲ್ಲ.

"ಅಲ್ಲವಾ, ನೀ ಯಾರ ಮುಂದೂ ಜೋರಾಗಿ ಮಾತಾಡಂಗೇ ಇಲ್ಲೇನು?"

"ಎಮ್ಮಿ ಮುಂದ ಮಾತಾಡ್ತೇನ್ರಿ. ದಿನಾ ಮುಂಜಾನೆ ಹಾಲು ನಾನ ಹಿಂಡ್ತೇನಿ."

"ಹಂಗಾದ್ರ ಒಂದು ಕೆಲಸ ಮಾಡು. ಎಂಟು ದಿನ ಹಾಲು ಹಿಂಡುಮುಂದ ಎಮ್ಮಿಗೆ ಇದನ್ನ ಹೇಳು. ಇಲ್ಲಿ ಬಂದು ನಿಂತಾಗ ಎದುರು ಕುಂತಾವರೆಲ್ಲ ಎಮ್ಮಿನ ಅಂತ ತಿಳ್ಕೊ."

ಹೇಳುವಾಗ ನನಗೆ ನನ್ನ ಜಾಣತನದ ಮೇಲೆ ಬಹಳ ಹೆಮ್ಮೆಯಿತ್ತು.

ಆ ದಿನ ಬಂತು. ನಡುವೆ ಮಾಲಕರು, ಆಚೆ ಈಚೆ ವಿಭಾಗಗಳ ಮುಖ್ಯಸ್ಥರು, ತುದಿಗೆ ಕಾಕಾ. ಹುಡುಗರಿಬ್ಬರೂ ಚೆನ್ನಾಗಿಯೇ ಹೇಳಿದರು. ಹುಡುಗಿ ಎದ್ದು ನಿಂತಳು. ಆಕೆ ಒಮ್ಮೆ ಕಣ್ಣು ಮುಚ್ಚಿ ತೆಗೆದಳು, ಎಲ್ಲರನ್ನೂ ಸಾಲಾಗಿ ನೋಡಿದಳು, ಶುರು ಮಾಡಿದಳು. ಏನು ಹೇಳಲಿ! ದನಿ ಗಂಟೆಯಂತೆ ಬಂತು. ಯಾವ ತಿಂಗಳು, ಯಾವ ಕಪಾಟು, ಎಷ್ಟು ಮೊಳಕೆ, ಒಂದೂ ತಪ್ಪಿಲ್ಲ. ಗೋಡೆಗೆ ಅಂಟಿಸಿದ್ದ ತನ್ನ ಚಾರ್ಟು ತೋರಿಸುತ್ತ ಸರಾಗವಾಗಿ ಹೇಳುತ್ತಾ ಹೋದಳು. ಕಾಕಾ ನನಗೆ ಕಣ್ಣಲ್ಲೇ ಶಹಬ್ಬಾಸ್ ಅಂದರು.

ಅಷ್ಟರಲ್ಲಿ ಮಾಲಕರ ಫೋನು ಬಂತು. ಅವರು ಮೇಜಿನ ಕೆಳಗೆ ತಲೆ ಬಗ್ಗಿಸಿ, "ಹಾಂ, ಹೇಳ್ರಿ... ಹೌದ್ರಿ... ಲೋಡ್ ಬಂತೇನು?" ಅಂತ ಶುರು ಮಾಡಿದರು. ಕುರ್ಚಿ ಕಿರ್ ಅಂತ ಸರಿಯಿತು.

ಹುಡುಗಿ ಗೋಡೆಯ ಕಡೆಯಿಂದ ಮುಖವನ್ನೂ ತಿರುಗಿಸದೆ, ಎಂಟು ದಿನದ ರೂಢಿಯಲ್ಲಿ, ಗಟ್ಟಿಯಾಗಿ ಗದರಿಸಿದಳು.

"ಹೇ! ಸುಮ್ಮ ನಿಂದ್ರ! ಅಲ್ಲಾಡಬ್ಯಾಡ!"

ಮಾಲಕರು ಫೋನು ಕಟ್ ಮಾಡಿ, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮೇಜಿನ ಮೇಲೆ ಇಟ್ಟು ಕೂತರು. ಕಾಕಾ ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡರು. ನಾನು ನನ್ನ ತರಬೇತಿಗೆ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟೆ. ಹುಡುಗಿಗೆ ತಾನು ಆಡಿದ್ದು ಆಗ ತಿಳಿಯಿತು. ಮಾತು ನಿಲ್ಲಿಸಿ ಮಾಲಕರ ಕಡೆ ತಿರುಗಿದಳು.

ಮಾಲಕರು ಬಾಯಿಬಿಟ್ಟರು. "ಅಲ್ಲಾಡಂಗಿಲ್ಲವಾ. ಮುಂದ ಹೇಳು."

ಆಕೆ ಅದು ಹೇಗೆ ಮುಗಿಸಿದಳೋ ಆಕೆಗೇ ಗೊತ್ತು. ಮುಗಿದ ಕೂಡಲೇ ಮಾಲಕರು 'ಬರ್ರಿ' ಅಂತ ಎದ್ದು ಎಲ್ಲರನ್ನೂ ಮೊಳಕೆ ಕೋಣೆಗೆ ಕರೆದುಕೊಂಡು ಹೋದರು. ಕಿಟಕಿಯ ಸಂದಿಗೆ ಕೈ ಹಿಡಿದು ಗಾಳಿ ನೋಡಿದರು. ಕಪಾಟು ಮುಟ್ಟಿ ನೋಡಿದರು. ಹುಡುಗಿ ಬರೆದಿಟ್ಟ ನಾಲ್ಕು ತಿಂಗಳ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಕೊನೆಗೆ ನನ್ನ ಕಡೆ ನೋಡಿ, "ಮೂವರನ್ನೂ ಖಾಯಂ ಮಾಡ್ರಿ. ಮುಂದಿನ ವರ್ಷದ ಹುಡುಗ್ರನ್ನೂ ಹುಡುಕಾಕ ಹತ್ರಿ" ಅಂದರು. ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಚಹಾದ ಹೊತ್ತಿಗೆ ಹುಡುಗಿ ಕಾಣಲಿಲ್ಲ. ಹುಡುಕಿದರೆ ಬಾಗಿಲ ಹಿಂದೆ ನಿಂತು ಓಢಣಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೈ ಹಿಡಿದು ಮಾಲಕರ ಹತ್ತಿರ ಕರೆತಂದು, ತಪ್ಪು ನನ್ನದೇ ಅಂತ ಎಮ್ಮೆಯ ವಿಷಯವನ್ನೆಲ್ಲ ಒಪ್ಪಿಕೊಂಡೆ. ಮಾಲಕರು ಚಹಾದ ಕಪ್ಪು ಕೆಳಗಿಟ್ಟು, ಮುಖ ಗಂಭೀರ ಮಾಡಿಕೊಂಡು ಆಕೆಯನ್ನು ಕೇಳಿದರು.

"ನಿಮ್ಮ ಮನ್ಯಾಗ ಎಷ್ಟು ಎಮ್ಮಿ ಅದಾವವಾ?"

"ಮೂರು ರೀ."

"ಒಂದು ಸಲ ಗದರಿಸಿದ್ರ ಎಲ್ಲಾ ನನ್ನಂಗ ಸುಮ್ಮಾಗ್ತಾವೇನು?"

ಹುಡುಗಿ ಕಣ್ಣೊರೆಸಿಕೊಂಡು, ಸುಳ್ಳು ಹೇಳಬಾರದು ಅಂತ ಒಂದು ಕ್ಷಣ ನೆನಪು ಮಾಡಿಕೊಂಡು, ಮೆಲ್ಲಗೆ ಹೇಳಿದಳು.

"ಇಲ್ರಿ ಸರ್. ಅವಕ್ಕ ಎರಡು ಸಲ ಹೇಳಬೇಕಾಗತೈತ್ರಿ."